ಮೂರು ಸೀಟು, ನಾಲ್ಕು ಜನ

ಗಂಡಸರು ಸಭೆಯಲ್ಲಿ ಎದ್ದು ನಿಂತು ಆಡಿದ ಮಾತಿಗೆ ಮನೆಯಲ್ಲಿರುವ ಹೆಂಡತಿ ಹೊಣೆ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ನಮ್ಮ ಮನೆಯವರು ಸಭೆಯಲ್ಲಿ ಬಾಯಿ ಬಿಡುವುದೇ ಅಪರೂಪ. ಬಿಟ್ಟರೆ ಅದರ ಭಾರವೆಲ್ಲ ನೇರವಾಗಿ ನನ್ನ ಅಡುಗೆಮನೆಗೆ ಬಂದು ಬೀಳುತ್ತದೆ.

ಅವರು ನೀರು ಸರಬರಾಜು ಕಚೇರಿಯಲ್ಲಿ ದೂರು ಗುಮಾಸ್ತರು. ನೀರು ಬಂದಿಲ್ಲ, ನೀರು ನಿಂತಿಲ್ಲ, ಬಂದ ನೀರು ನೀರಿನ ಹಾಗಿಲ್ಲ ಎಂದು ಜನ ದಿನವಿಡೀ ಫೋನ್ ಮಾಡುತ್ತಾರೆ. ಇವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು "ಗಮನಿಸಲಾಗಿದೆ" ಎನ್ನುತ್ತಾರೆ. ವರ್ಷಗಟ್ಟಲೆ ಇದೇ ಮಾತಾಡಿ ಮನೆಯಲ್ಲೂ ಅದೇ ರೂಢಿಯಾಗಿದೆ. ಸಕ್ಕರೆ ಮುಗಿದಿದೆ ಎಂದರೆ ಗಮನಿಸಲಾಗಿದೆ. ಮಗಳು ಹುಟ್ಟಿದಾಗ ನರ್ಸ್ ಓಡಿಬಂದು ಸುದ್ದಿ ಹೇಳಿದರೆ ಅವಳಿಗೂ ಇದನ್ನೇ ಹೇಳಿದರೆಂದು ನಮ್ಮತ್ತೆ ಇವತ್ತಿಗೂ ಬಂದವರ ಮುಂದೆ ಹೇಳುತ್ತಾರೆ.

ಆ ಕಚೇರಿಗೆ ಹೊಸ ಮೇಡಂ ಬಂದರು. ಮೊದಲ ದಿನ ವಿಭಾಗದ ನಾಲ್ಕೂ ಜನರನ್ನು ಕೂರಿಸಿಕೊಂಡು, ಕೆಲಸ ಬಿಟ್ಟರೆ ನಿಮಗೆ ಇಷ್ಟವಾದದ್ದೇನು ಎಂದು ಕೇಳಿದರಂತೆ. ಮೀಟರ್ ಇನ್‌ಸ್ಪೆಕ್ಟರು ವಾಕಿಂಗ್ ಅಂದರು. ಟೈಪಿಸ್ಟಮ್ಮ ಹಾಡು ಅಂದರು. ನಕ್ಷೆ ಬರೆಯುವವರು ಮೀನು ಸಾಕುತ್ತೇನೆ ಅಂದರು. ನಮ್ಮವರಿಗೆ ಇಷ್ಟವಾದದ್ದು ಭಾನುವಾರ ಮಧ್ಯಾಹ್ನದ ನಿದ್ದೆ. ಅದನ್ನು ಹೇಳಲು ನಾಲಗೆ ಹೊರಳದೆ, "ಓದು ಮೇಡಂ" ಎಂದುಬಿಟ್ಟರು.

"ಏನು ಓದ್ತೀರಿ?"

"ಸಿಕ್ಕಿದ್ದೆಲ್ಲ."

ಇದು ಪೂರ್ತಿ ಸುಳ್ಳೇನಲ್ಲ. ಅಂಗಡಿಯವನು ಸಾಮಾನು ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಅಂಗೈಯಲ್ಲಿ ಉಜ್ಜಿ ನೇರ ಮಾಡಿ, ಇವರು ಓದುವುದುಂಟು. ಅದರಲ್ಲಿ ಅರ್ಧ ಸುದ್ದಿ ಇರುತ್ತದೆ. ಉಳಿದರ್ಧವನ್ನು ತಾವೇ ಊಹಿಸಿ ಊಟದ ಹೊತ್ತಿಗೆ ನಮಗೆ ಹೇಳುತ್ತಾರೆ. ಆದರೆ ಇಂಥವರನ್ನು ಓದುಗರು ಎಂದು ಕರೆಯಬಹುದೇ ಎಂಬುದು ದೊಡ್ಡವರು ತೀರ್ಮಾನಿಸಬೇಕಾದ ವಿಷಯ.

ವಾರ ಕಳೆದ ಮೇಲೆ ಒಂದು ಸಂಜೆ ನಮ್ಮವರು ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಮನೆಗೆ ಬಂದರು. ಒಳಗೆ ಎಳೆಗೂಸು ಇದೆಯೇನೋ ಎಂಬಂತಿತ್ತು.

"ಏನ್ರೀ ಅದು?"

"ಮೆಲ್ಲಗೆ ಮಾತಾಡೇ. ಮೇಡಂ ಕಥೆ ಬರ್ದಿದಾರೆ. ಆಫೀಸಲ್ಲಿ ಯಾರಿಗೂ ಗೊತ್ತಾಗ್ಬಾರ್ದಂತೆ. ಓದಿ ಸೋಮವಾರ ಅಭಿಪ್ರಾಯ ಹೇಳ್ಬೇಕಂತೆ. ಸುಮ್ನೆ ಹೊಗಳ್ಬೇಡಿ, ಯೋಚನೆ ಮಾಡಿ ಹೇಳಿ ಅಂದ್ರು."

"ಅದಕ್ಕೆ ನೀವೇನಂದ್ರಿ?"

"ಗಮನಿಸಲಾಗಿದೆ ಅಂದೆ."

ವಿಷಯ ಇಷ್ಟು. ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ದೂರದ ಗ್ರಹವೊಂದರಲ್ಲಿ ನೌಕೆ ಕೆಟ್ಟು ನಾಲ್ಕು ಜನ ಗಗನಯಾತ್ರಿಗಳು ಸಿಕ್ಕಿಕೊಳ್ಳುತ್ತಾರೆ: ಒಬ್ಬಳು ನಾಯಕಿ, ಒಬ್ಬ ವೈದ್ಯ, ಒಬ್ಬ ಯಂತ್ರದವನು, ಒಬ್ಬ ಸಾಮಾನು ನೋಡಿಕೊಳ್ಳುವವನು. ಅವರು ಅಲ್ಲಿ ಸಿಕ್ಕಿಕೊಂಡಿದ್ದಾಗಲೇ ಚಾನೆಲ್‌ನವರು ಧಾರಾವಾಹಿಯನ್ನು ನಿಲ್ಲಿಸಿ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಹಾಕಿದರು. ನಾಲ್ಕೂ ಜನ ಅಲ್ಲೇ ಉಳಿದರು. ಅದನ್ನು ತಡೆಯಲಾರದ ಅಭಿಮಾನಿಗಳು ಮುಂದಿನ ಕಥೆಯನ್ನು ತಾವೇ ಬರೆದು ಇಂಟರ್‌ನೆಟ್ಟಿಗೆ ಹಾಕತೊಡಗಿದರು. ಮೇಡಂ ಕೂಡ ಬರೆದು, ಹನ್ನೊಂದು ಅಧ್ಯಾಯ ಹಾಕಿದ್ದರು.

"ಇದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ," ಎಂದಳು ಹತ್ತನೇ ಕ್ಲಾಸಿನ ನಮ್ಮ ಮಗಳು, ಇಷ್ಟೂ ಗೊತ್ತಿಲ್ಲದವರ ಹೊಟ್ಟೆಯಲ್ಲಿ ತಾನು ಹುಟ್ಟಿದೆನಲ್ಲ ಎಂಬ ಮುಖ ಮಾಡಿ. "ಅಪ್ಪ, ಚೆನ್ನಾಗಿದೆ ಅಂತಷ್ಟೇ ಹೇಳ್ಬೇಡ. ಬರೆದೋರಿಗೆ ಅದು ಬೈಗುಳದ ಹಾಗೆ ಕೇಳ್ಸುತ್ತೆ. ಎಲ್ಲಿ ಚೆನ್ನಾಗಿದೆ ಅಂತ ಬೆರಳಿಟ್ಟು ತೋರಿಸ್ಬೇಕು. ಹೀಗೆ ಬರೀರಿ ಹಾಗೆ ಬರೀರಿ ಅಂತಾನೂ ಹೇಳ್ಬಾರ್ದು. ಅರ್ಥ ಆಗದೇ ಇರೋದನ್ನ ಪ್ರಶ್ನೆ ಕೇಳು."

"ಏನೂ ಅರ್ಥ ಆಗ್ಲಿಲ್ಲ ಅಂದ್ರೆ?"

"ಅಮ್ಮನ್ನ ಕೇಳು."

ಹಾಗೆ ಹನ್ನೊಂದು ಅಧ್ಯಾಯಗಳು ನನ್ನ ಪಾಲಿಗೆ ಬಂದವು. ನಮ್ಮವರು ಮೊದಲ ಪುಟದ ಎರಡನೆಯ ಸಾಲಿನಲ್ಲೇ ಗೊರಕೆ ಹೊಡೆಯುತ್ತಿದ್ದರು. ನಾನು ಕುಕ್ಕರ್ ಕೂಗುವವರೆಗೆ ಒಂದು ಪುಟ, ಬಟ್ಟೆ ನೆನೆಯುವವರೆಗೆ ಎರಡು ಪುಟ, ಅತ್ತೆಗೆ ಕಾಲು ಒತ್ತುತ್ತ ಒಂದು ಪುಟ ಓದಿದೆ. ಓದುತ್ತ ಓದುತ್ತ ನನಗೆ ಆ ನಾಲ್ವರ ಮೇಲೆ ಮಮತೆ ಬಂದುಬಿಟ್ಟಿತು. ಬೂದು ಮಣ್ಣು, ಕಿಟಕಿಯಾಚೆ ಏನೂ ಇಲ್ಲ, ಒಂದು ಡಬ್ಬಿಯಂಥ ಮನೆಯೊಳಗೆ ನಾಲ್ಕು ಜನ. ಆದರೂ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತಿತ್ತು. ಸೋಮವಾರ ಬೆಳಿಗ್ಗೆ ಅದನ್ನು ನಮ್ಮವರಿಗೆ ಬಾಯಿಪಾಠ ಮಾಡಿಸಿದೆ.

"ನಾಲ್ಕು ಜನ ಒಂದೇ ಮನೇಲಿದ್ದು ಹನ್ನೊಂದು ಅಧ್ಯಾಯ ಆಯ್ತು. ದಿನಾ ಉಣ್ತಾರೆ. ಒಂದು ಪಾತ್ರೆ ತೊಳ್ದಿಲ್ಲ. ಯಾರು ತೊಳೀತಾರೆ ಅಂತ ಕೇಳಿ. ನೌಕೆ ಅದುರುವಾಗ ನಾಯಕಿ ಎಲ್ಲರ ಬೆಲ್ಟು ಹಾಕಿ ಕೊನೆಗೆ ತನ್ನದು ಹಾಕ್ಕೊಳ್ಳೋದು ಬಹಳ ಚೆನ್ನಾಗಿದೆ ಅಂತ ಹೇಳಿ."

ಸಂಜೆ ನಮ್ಮವರು ನೆಲದಿಂದ ನಾಲ್ಕು ಬೆರಳು ಮೇಲೆ ನಡೆದುಕೊಂಡು ಬಂದರು.

"ಮೇಡಂ ನಾನು ಹೇಳಿದ್ದಷ್ಟೂ ಬರ್ಕೊಂಡ್ರು ಕಣೇ. ಆಮೇಲೆ, 'ಇಂಥ ಓದುಗರು ಎಲ್ಲಿ ಸಿಕ್ತಾರ್ರೀ' ಅಂದ್ರು."

ಹನ್ನೆರಡನೆಯ ಅಧ್ಯಾಯದಲ್ಲಿ ಪಾತ್ರೆ ತೊಳೆಯುವ ವಿಷಯಕ್ಕೆ ನಾಲ್ವರಿಗೂ ಜಗಳವಾಗಿ, ನಾಯಕಿ ಅತ್ತು, ಯಂತ್ರದವನು ತಟ್ಟೆ ಒಡೆದು, ಕಥೆಗೆ ಜೀವ ಬಂತು. ಅಂದಿನಿಂದ ನಮ್ಮವರು ಮನೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೂರತೊಡಗಿದರು. ಎದುರು ಮನೆಯ ಟೈಲರಮ್ಮ ರವಿಕೆ ಅಳತೆಗೆ ಬಂದಾಗ, ಅವಳು ಕೇಳದೆ ಇದ್ದರೂ, "ವಿಮರ್ಶೆ ಅಂದ್ರೆ ಸುಲಭ ಅಲ್ಲಮ್ಮ" ಎಂದರು. ಇಷ್ಟಕ್ಕೇ ನಿಂತಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು. ಗುಡ್ಡದ ಮೇಲಿನ ಜಲಾಶಯದಲ್ಲಿ ಇರಲು ಈ ವಿಭಾಗದಿಂದ ಒಬ್ಬರನ್ನು ಎರಡು ವರ್ಷಕ್ಕೆ ಕಳಿಸಬೇಕು. ಯಾರೆಂಬುದನ್ನು ಮೇಡಂ ನಿರ್ಧರಿಸಬೇಕು. ಅಲ್ಲಿ ಒಂದು ಕೋಣೆ, ನೀರಿನ ಮಟ್ಟ ತೋರಿಸುವ ಒಂದು ಕಂಬ, ಗಾಳಿ ಮನಸ್ಸು ಮಾಡಿದರೆ ಕೇಳಿಸುವ ಒಂದು ಫೋನ್. ಬೆಳಿಗ್ಗೆ ಎದ್ದು ಕಂಬ ನೋಡುವುದು, ನೀರು ಎಷ್ಟಿದೆ ಎಂದು ಕೆಳಗೆ ಹೇಳುವುದು. ಮಿಕ್ಕ ಹೊತ್ತು ಮೋಡ ನೋಡುವುದು. ಹಿಂದೆ ಅಲ್ಲಿ ಇದ್ದವರು ಕೆಳಗೆ ಬಂದ ಮೇಲೂ ಬಹಳ ದಿನ ಚಹಾದ ಕೆಟಲ್ ಜೊತೆ ಮಾತಾಡುತ್ತಿದ್ದರಂತೆ. ಕೆಟಲ್ ಎದುರಾಡುವುದಿಲ್ಲ, ಅದೇ ಹಿತ ಎನ್ನುತ್ತಿದ್ದರಂತೆ.

ಆದೇಶ ಬಂದ ವಾರವೇ ಹದಿಮೂರನೆಯ ಅಧ್ಯಾಯವೂ ಬಂತು. ಅದರಲ್ಲಿ ಪಾರುಮಾಡುವ ನೌಕೆ ಬರುತ್ತದೆ. ಅದರಲ್ಲಿ ಇರುವುದು ಮೂರೇ ಸೀಟು.

ನಾನು ಜೋರಾಗಿ ಓದುತ್ತಿದ್ದೆ. ನಮ್ಮವರು ಉಗುರು ಕತ್ತರಿಸುತ್ತಿದ್ದವರು ಹಾಗೆಯೇ ನಿಂತರು.

"ಇನ್ನೊಂದ್ಸಲ ಓದು."

"ಸಾಮಾನಿನವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಪೆನ್ಸಿಲ್ ಹುಡುಕುತ್ತಿದ್ದ."

"ಅದು ನಾನೇ ಕಣೇ."

"ರೀ, ಪೆನ್ಸಿಲ್ ಹುಡುಕೋರು ಲೋಕದಲ್ಲಿ ನೀವೊಬ್ರೇನಾ?"

"ಯಾವಾಗ್ಲೂ ಏನೋ ಗುನುಗ್ತಿರ್ತಾನೆ ಅಂತಿದೆ."

"ನೀವು ಗುನುಗಲ್ಲ, ಗೊಣಗ್ತೀರಿ."

"ನಾಲ್ಕು ಜನ, ಮೂರು ಸೀಟು. ನಮ್ಮ ವಿಭಾಗದಲ್ಲೂ ನಾಲ್ಕು ಜನ. ಒಬ್ಬ ಮೇಲೆ ಉಳೀಬೇಕು. ಇದು ಕಥೆ ಅಂತ ನಂಬ್ತೀಯಾ ನೀನು? ಇದು ನೋಟಿಸು."

ನಾನು ಏನು ಹೇಳಿದರೂ ತಲೆಗೆ ಹೋಗಲಿಲ್ಲ. ಆ ಅಧ್ಯಾಯಕ್ಕೆ ನಾನು ಒಂದು ಪ್ರಶ್ನೆ ಬರೆದುಕೊಟ್ಟಿದ್ದೆ: ಸಾಮಾನಿನವನು ಯಾವಾಗಲೂ ಯಾಕೆ ಒಬ್ಬನೇ ಊಟ ಮಾಡುತ್ತಾನೆ? ನಮ್ಮವರು ಅದನ್ನು ಕೇಳಲು ಸುತರಾಂ ಒಪ್ಪಲಿಲ್ಲ. "ಅದನ್ನ ಕೇಳಿದ್ರೆ, 'ಒಬ್ನೇ ಇದ್ದು ಅಭ್ಯಾಸ ಇದೆ, ಅಲ್ಲೇ ಇರ್ಲಿ' ಅಂತಾರೆ" ಎಂದು ಚೀಟಿಯನ್ನು ಜೇಬಿನ ಒಳಗಿನ ಜೇಬಿಗೆ ಸೇರಿಸಿದರು. ಅದರ ಬದಲಿಗೆ ತಮ್ಮದೇ ವಿಮರ್ಶೆ ತಯಾರಿಸಿಕೊಂಡು ಹೋದರು.

"ಮೇಡಂ, ಸಾಮಾನಿನವನು ಬಹಳ ಉಪಯೋಗದ ಮನುಷ್ಯ. ಅವನಿಲ್ದೆ ಏನೂ ನಡೆಯಲ್ಲ ಅಂತ ಓದುಗನಿಗೆ ಅನ್ಸುತ್ತೆ."

ಮೇಡಂ ಅದನ್ನು ಬಹಳ ಮೆಚ್ಚಿದರು. ಮೆಚ್ಚಿ, ಮುಂದಿನ ಅಧ್ಯಾಯದಲ್ಲಿ ನಾಯಕಿಯ ಬಾಯಲ್ಲಿ ಹೀಗೆ ಹೇಳಿಸಿದರು: "ಈ ಗ್ರಹದಲ್ಲಿ ಯಾರ ನೆರವೂ ಇಲ್ಲದೆ ಒಬ್ಬರೇ ಬದುಕಬಲ್ಲವರು ಇದ್ದರೆ, ಅದು ಇವನೊಬ್ಬನೇ."

ನಮ್ಮವರು ಅಂದು ರಾತ್ರಿ ಊಟ ಬಿಟ್ಟರು. ಮರುದಿನ ಇನ್ನೊಂದು ವಿಮರ್ಶೆ ಒಯ್ದರು.

"ಮೇಡಂ, ಅವನಿಗೆ ಮೊಣಕಾಲು ನೋವು ಇರಬಹುದಾ?"

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರಂತೆ. "ಎಂಥ ಸೂಕ್ಷ್ಮ ಕಣ್ರೀ ನಿಮ್ದು. ನನಗೆ ಹೊಳೆದೇ ಇರ್ಲಿಲ್ಲ." ಹದಿನೈದನೆಯ ಅಧ್ಯಾಯದಲ್ಲಿ ಸಾಮಾನಿನವನಿಗೆ ಮೊಣಕಾಲು ನೋವು ಬಂತು. ಆ ನೋವಿನಿಂದಾಗಿ ಅವನಿಗೆ ನೌಕೆಯ ಏಣಿ ಹತ್ತಲು ಆಗುವುದಿಲ್ಲ.

ಹೀಗೆ ನಮ್ಮವರು ಎಳೆದ ಒಂದೊಂದು ಎಳೆಯೂ ಕುಣಿಕೆಯನ್ನು ಬಿಗಿ ಮಾಡುತ್ತಲೇ ಹೋಯಿತು. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಬಾಯಿ ಮುಚ್ಚಿಕೊಂಡಿರುತ್ತಾರೆ. ನಮ್ಮವರು ಹೋಗಿ ಮೀಟರ್ ಇನ್‌ಸ್ಪೆಕ್ಟರಿಗೆ ಗುಟ್ಟಾಗಿ ಎಲ್ಲವನ್ನೂ ಹೇಳಿದರು. ಗುಟ್ಟು ಮಧ್ಯಾಹ್ನದ ಚಹಾದ ಹೊತ್ತಿಗೆ ಟೈಪಿಸ್ಟಮ್ಮನಿಗೂ, ಚಹಾ ಮುಗಿಯುವ ಹೊತ್ತಿಗೆ ನಕ್ಷೆಯವರಿಗೂ ತಲುಪಿತು. ಎಲ್ಲರೂ ಇಂಟರ್‌ನೆಟ್ಟಿನಲ್ಲಿ ಕಥೆ ಹುಡುಕಿ ಓದಿದರು. ಎಲ್ಲರಿಗೂ ಅದರಲ್ಲಿ ತಮ್ಮ ಮುಖವೇ ಕಂಡಿತು.

ಭಾನುವಾರ ಮೀಟರ್ ಇನ್‌ಸ್ಪೆಕ್ಟರು ಒಂದು ಚೀಲ ಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದುವರೆಗೆ ಅವರು ನಮ್ಮ ಬೀದಿಗೇ ಬಂದವರಲ್ಲ.

"ಅಕ್ಕಾ, ವೈದ್ಯ ನಾನೇ ಅನ್ನೋದು ನಿಮಗೂ ಗೊತ್ತಾಗಿರುತ್ತೆ."

"ಹೇಗೆ ಗೊತ್ತಾಯ್ತು ನಿಮಗೆ?"

"ಒಬ್ಬೊಬ್ಬರ ಹತ್ರಾನೂ ಹೋಗಿ ಮಿಣುಕು ದೀಪದಲ್ಲಿ ಯಂತ್ರದ ಮುಳ್ಳು ನೋಡ್ತಾನಲ್ಲಕ್ಕಾ. ಅವನು ನೋಡೋದು ಬಿಪಿ, ನಾನು ನೋಡೋದು ನೀರು. ನಿಮ್ಮವರ ಮಾತಂದ್ರೆ ಮೇಡಂಗೆ ವೇದವಾಕ್ಯ. ವೈದ್ಯನ ಬಗ್ಗೆ ಒಂದೆರಡು ಒಳ್ಳೆ ಮಾತು ಬರ್ಲಿ. ಬಹಳ ಒಳ್ಳೇದು ಬೇಡ. ಬಹಳ ಒಳ್ಳೆಯವನಾದ್ರೆ ಸೀಟು ಬಿಟ್ಕೊಟ್ಟುಬಿಡ್ತಾನೆ."

ಅವರು ಹೋಗುತ್ತಿದ್ದಂತೆ ಟೈಪಿಸ್ಟಮ್ಮನ ಫೋನ್. "ನಾಯಕಿ ಕೊನೆಗೇ ನೌಕೆ ಹತ್ಬೇಕು ಅಂತ ಏನೋ ನಿಯಮ ಇದೆಯಂತಲ್ಲ. ಅದು ಬಹಳ ಹಳೇ ಕಾಲದ್ದು, ಈಗಿನ ಓದುಗರು ಒಪ್ಪಲ್ಲ ಅಂತ ಹೇಳೋಕೆ ಹೇಳಿ." ನಕ್ಷೆಯವರು ಮಾತ್ರ ಏನೂ ಕೇಳಲಿಲ್ಲ. ಅವರು ತಮ್ಮ ಮೀನುಗಳನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಬೀದಿಯಲ್ಲೆಲ್ಲ ವಿಚಾರಿಸುತ್ತಿದ್ದರು ಎಂದು ತಿಳಿಯಿತು.

ಇತ್ತ ನಮ್ಮವರು ತಮ್ಮ ಗುರುತುಗಳನ್ನೆಲ್ಲ ಅಳಿಸತೊಡಗಿದರು. ಕಿವಿಯಿಂದ ಪೆನ್ಸಿಲ್ ಹೋಯಿತು. ಕಥೆಯಲ್ಲಿ ಸಾಮಾನಿನವನು ಹೊಟ್ಟೆಬಾಕ ಎಂದಿದ್ದುದರಿಂದ, ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಡಬ್ಬಿಯ ಊಟವನ್ನು ಹಂಚಿ, ಸಂಜೆ ಹಸಿದ ಹುಲಿಯಂತೆ ಮನೆಗೆ ಬಂದು ಒಲೆಯ ಪಕ್ಕದಲ್ಲೇ ನಿಂತು ಉಣ್ಣತೊಡಗಿದರು. ದೂರು ಕೊಟ್ಟವರಿಗೆ "ಗಮನಿಸಲಾಗಿದೆ" ಎನ್ನುವುದನ್ನು ಬಿಟ್ಟು, ಕೆಳಗೆ ತಾವಿಲ್ಲದೆ ಆಗುವುದೇ ಇಲ್ಲ ಎಂದು ತೋರಿಸಲು "ಈಗಲೇ ಬಂದೆ" ಎಂದು ಸ್ಪಾನರ್ ಹಿಡಿದು ಓಡತೊಡಗಿದರು. ಅವರು ಸರಿ ಮಾಡಿದ ಮೂರು ಮನೆಗಳಲ್ಲಿ ಒಂದರಲ್ಲಿ ನೀರು ಗೋಡೆಯಿಂದ ಬರುತ್ತಿದೆ ಎಂದು ಹೊಸ ದೂರು ಬಂತು.

ಹದಿನಾರನೆಯ ಅಧ್ಯಾಯ ಬಂದಾಗ ನಾನು ಮಗಳ ಶಾಲೆಗೆ ಹೋಗಿದ್ದೆ. ಓದಿ ಹೇಳುವವರಿಲ್ಲ, ಕಾಯುವ ತಾಳ್ಮೆಯೂ ಇಲ್ಲ. ನಮ್ಮವರು ಜೀವಮಾನದಲ್ಲಿ ಮೊದಲ ಸಲ, ಬಸ್ಸಿನಲ್ಲಿ ಕಂಬ ಹಿಡಿದು ನಿಂತುಕೊಂಡು, ಒಂದು ಕಥೆಯನ್ನು ತಾವಾಗಿಯೇ ಓದಿದರು. ಆ ಬಸ್ಸಿನಲ್ಲೇ ಇದ್ದ ಟೈಲರಮ್ಮ ಮುಂದಿನದನ್ನು ನನಗೆ ಹೇಳಿದಳು.

ನಿಲ್ದಾಣ ಬಂತು, ಹೋಯಿತು. ಇವರು ಇಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಯ್ಯೋ, ಅವನೊಬ್ಬನನ್ನ ಬಿಟ್ಟು ಹೊರಡ್ತಿದಾರೆ" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದ.

"ಯಾರನ್ನ ಸಾರ್?"

"ಸಾಮಾನಿನವನನ್ನ."

"ಸಾಮಾನು ಎಷ್ಟಿತ್ತು?"

"ನಾಲ್ಕು ತಿಂಗಳಿಗೆ ಆಗೋವಷ್ಟು."

"ಎಲ್ಲಿ ಬಿಟ್ಟಿದ್ದು?"

ನಮ್ಮವರು ಕಣ್ಣೊರೆಸಿಕೊಳ್ಳುತ್ತ ಕಿಟಕಿಯಿಂದಾಚೆ ಆಕಾಶವನ್ನು ತೋರಿಸಿದರು. ಹಿರಿಯರೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟು, "ಇವತ್ತಲ್ಲ ನಾಳೆ ಎಲ್ರೂ ಹೋಗೋರೇ ಸ್ವಾಮಿ" ಅಂದರು.

"ಇಲ್ಲ ಸ್ವಾಮಿ, ಮೂರು ಜನಕ್ಕೆ ಮಾತ್ರ ಜಾಗ ಇತ್ತು," ಎಂದು ನಮ್ಮವರು ಆ ಸೀಟಿನಲ್ಲಿ ಕುಳಿತು ಅತ್ತರಂತೆ.

ಟೈಲರಮ್ಮ ಇದನ್ನು ನನಗೊಬ್ಬಳಿಗೇ ಹೇಳಿದ್ದರೆ ಚಿಂತೆಯಿರಲಿಲ್ಲ. ಮರುದಿನ ಇವರು ಕಚೇರಿಗೆ ಹೋದ ಮೇಲೆ ಬಂದವಳು, ನನಗೆ ಹೇಳುವ ಮುಂಚೆ ನಮ್ಮತ್ತೆಗೆ ಹೇಳಿದ್ದಳು. ನಿಮ್ಮ ಮಗನನ್ನು ಆಫೀಸಿನವರು ಮೇಲೆಲ್ಲೋ ಒಬ್ಬನನ್ನೇ ಬಿಟ್ಟು ಬರುತ್ತಾರಂತೆ, ಬಸ್ಸಿನಲ್ಲಿ ಬಾಯಿಬಿಟ್ಟು ಅಳುತ್ತಿದ್ದರು ಎಂದು. ನಾನು ಹಿತ್ತಲಿನಿಂದ ಬಟ್ಟೆ ತೆಗೆದುಕೊಂಡು ಒಳಗೆ ಬಂದರೆ ಅತ್ತೆಯ ಕೊಡೆ ಇಲ್ಲ, ಚಪ್ಪಲಿ ಇಲ್ಲ, ಅತ್ತೆಯೂ ಇಲ್ಲ. ಒಲೆ ಆರಿಸಿ, ಬಾಗಿಲು ಎಳೆದುಕೊಂಡು ಓಡಿದೆ.

ನಾನು ಏದುಸಿರು ಬಿಡುತ್ತ ಕಚೇರಿ ತಲುಪಿದಾಗ ಅತ್ತೆ ಮೇಡಂ ಕೋಣೆಯೊಳಗೆ, ಮೇಜಿನ ಮುಂದೆ, ಕೊಡೆ ಊರಿಕೊಂಡು ನಿಂತಿದ್ದರು. ಬಾಗಿಲಲ್ಲಿ ನಮ್ಮವರು, ಮೀಟರಿನವರು, ಟೈಪಿಸ್ಟಮ್ಮ, ನಕ್ಷೆಯವರು ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿ ನಿಂತಿದ್ದರು.

"ಕೂತ್ಕೊಳ್ಳಿ ಅಮ್ಮಾ," ಎನ್ನುತ್ತಿದ್ದರು ಮೇಡಂ. "ಯಾವ ಬೀದಿ? ನೀರು ಬರ್ತಿಲ್ವಾ?"

"ಬರ್ತಿದೆ ತಾಯಿ, ಕಣ್ಣಲ್ಲಿ. ನೀನು ಅವನೊಬ್ಬನ್ನೇ ಮೇಲೆ ಬಿಟ್ಟುಬಿಡ್ತೀಯಂತೆ, ಹೌದಾ?"

ಮೇಡಂ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. "ನೀವೂ ಓದ್ತಿದೀರಾ ಅಮ್ಮಾ?"

"ಓದೋಕೆ ಕಣ್ಣೆಲ್ಲಿದೆ ನನಗೆ. ಕೇಳಿದೆ. ಯಾಕಮ್ಮ ಅವನನ್ನೇ ಬಿಡ್ತೀಯ?"

"ನನಗೂ ಮನಸ್ಸಿಲ್ಲಮ್ಮ. ಆದ್ರೆ ನಾನು ಎಷ್ಟು ಈ ಕಡೆ ಎಳೆದ್ರೂ ಅವನು ಆ ಕಡೇನೇ ಹೋಗ್ತಾನೆ."

"ಚಿಕ್ಕಂದಿನಿಂದ ಹಾಗೇನೇ ಅವನು. ಅದಕ್ಕೆ ಅಂತ ಎರಡು ವರ್ಷ ಬಿಟ್ಟುಬಿಡೋದಾ?"

"ಎರಡು ವರ್ಷ ಎಲ್ಲಿಂದ ಬರ್ಬೇಕು? ಉಸಿರಾಡೋ ಗಾಳಿ ಇರೋದೇ ನಾಲ್ಕು ತಿಂಗಳಿಗೆ."

ಅತ್ತೆ ಕುರ್ಚಿ ಹುಡುಕಿ ಕುಳಿತರು. "ಅಂದ್ರೆ ಸಾಯಿಸ್ತೀಯಾ?"

"ಸತ್ರೆ ಜನರ ಮನಸ್ಸಲ್ಲಿ ಉಳೀತಾನೆ ಅಮ್ಮಾ. ಬದುಕಿ ಬಂದ್ರೆ ನಾಳೇನೇ ಮರೀತಾರೆ."

"ಮರೀಲಿ ಬಿಡು. ಒಂದನೇ ತಾರೀಕು ಸಂಬಳ ತಂದ್ರೆ ಸಾಕು ನನಗೆ."

"ಸಂಬಳ?" ಎಂದರು ಮೇಡಂ. ಆಮೇಲೆ ಬಾಗಿಲಿನ ಕಡೆ ನೋಡಿದರು. ಆಮೇಲೆ ಅತ್ತೆಯ ಮೂಗನ್ನೂ ನಮ್ಮವರ ಮೂಗನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. "ಇವರು ನಿಮ್ಮ ಮಗನಾ?"

ಎಲ್ಲವೂ ಹೊರಗೆ ಬಂತು. ಹೊರಗೆ ತಂದವರು ಟೈಪಿಸ್ಟಮ್ಮ. ಉಳಿದವರು ಗೋಡೆ ನೋಡುತ್ತಿದ್ದರು. ಮೇಡಂ ಒಂದೊಂದಾಗಿ ಕೇಳಿದರು.

"ಹಾಗಾದ್ರೆ ಆ ಮೊಣಕಾಲು?"

"ನಂದು ಮೇಡಂ," ಎಂದರು ನಮ್ಮವರು.

"ಬಹಳ ಉಪಯೋಗದ ಮನುಷ್ಯ?"

"ಅದೂ ನಾನೇ."

"ಪಾತ್ರೆ ತೊಳೆಯೋದು?"

"ಅದು ಇವಳು."

ಮೇಡಂ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕಾಗದಗಳನ್ನು ಜೋಡಿಸಿ, ಅಂಚು ತಟ್ಟಿ, ಚೀಲಕ್ಕೆ ಹಾಕತೊಡಗಿದರು. "ಹದಿನಾರು ಅಧ್ಯಾಯ ಹಾಕಿದೀನಿ. ನೆಟ್ಟಲ್ಲಿ ಒಬ್ರೂ ಒಂದು ಮಾತು ಬರೆದಿಲ್ಲ. ನೀವೊಬ್ರು ಓದ್ತಿದೀರಿ ಅಂತ ಬರೀತಿದ್ದೆ. ಆಯ್ತು, ಇನ್ನು ತೊಂದ್ರೆ ಕೊಡಲ್ಲ. ಪೆನ್ಸಿಲ್ ಎಲ್ಲೋಯ್ತು ಇಲ್ಲಿ." ಕಾಗದ ಎತ್ತಿ ನೋಡಿದರು, ಮೇಜಿನ ಕೆಳಗೆ ನೋಡಿದರು. ಪೆನ್ಸಿಲ್ ಅವರ ಕಿವಿಯಲ್ಲೇ ಇತ್ತು.

ಅವರ ಮೇಜಿನ ಮೂಲೆಯಲ್ಲಿ ಊಟದ ಡಬ್ಬಿ ಇತ್ತು. ಬಿಚ್ಚಿ, ಅರ್ಧ ಉಂಡು ಮುಚ್ಚಿದ್ದು. ಹೊರಗೆ ಉದ್ದ ಬೆಂಚಿನ ಮೇಲೆ ಮಿಕ್ಕ ನಾಲ್ಕು ಡಬ್ಬಿಗಳು ಒಟ್ಟಿಗೆ ಇದ್ದವು. ನನ್ನ ಬಾಯಿಂದ ತಾನಾಗಿಯೇ ಬಂತು:

"ಮೇಡಂ, ಸಾಮಾನಿನವನು ಯಾಕೆ ಯಾವಾಗ್ಲೂ ಒಬ್ಬನೇ ಊಟ ಮಾಡ್ತಾನೆ?"

ಅವರು ತಲೆ ಎತ್ತದೆ, "ಯಾರೂ ಕರೆಯಲ್ಲ, ಅದಕ್ಕೆ" ಎಂದರು.

ನಾಲ್ವರೂ ಇಷ್ಟು ದಿನ ಕಥೆಯೊಳಗೆ ತಮ್ಮನ್ನು ತಾವೇ ಹುಡುಕುತ್ತಿದ್ದರು. ಬರೆದವರು ಎಲ್ಲಿದ್ದಾರೆ ಎಂದು ಒಬ್ಬರೂ ಹುಡುಕಿರಲಿಲ್ಲ.

ಆಗ ನಮ್ಮವರು ಒಂದು ಹೆಜ್ಜೆ ಮುಂದೆ ಬಂದರು. ಮದುವೆಯಾದಂದಿನಿಂದ ಅವರನ್ನು ನೋಡಿದ್ದೇನೆ. ಅಂಥ ಮುಖ ನೋಡಿದ್ದು ಅದೇ ಮೊದಲು.

"ಮೇಡಂ, ಹದಿನಾರನೇದು ನಾನೇ ಓದಿದೆ. ಸತ್ಯವಾಗ್ಲೂ. ಮೂರು ನಿಲ್ದಾಣ ಮುಂದೆ ಹೋಗ್ಬಿಟ್ಟಿದ್ದೆ. ಒಂದು ಮಾತು ಹೇಳ್ಲಾ? ಅವನು ಕೆಳಗೆ ನಿಂತು, ಮೊಣಕಾಲು ನೋವು, ನೀವು ಹೋಗಿ ಅಂತಾನಲ್ಲ, ಆ ನೋವು ಸುಳ್ಳು. ಅವನಿಗೆ ಏಣಿ ಹತ್ತೋಕಾಗುತ್ತೆ. ಬೇರೆಯವರು ಸಂಕೋಚ ಇಲ್ಲದೆ ಹೋಗ್ಲಿ ಅಂತ ಹಾಗಂತಾನೆ. ಅದು ಅಲ್ಲೆಲ್ಲೂ ಬರ್ದಿಲ್ಲ, ಆದ್ರೂ ಓದುವಾಗ ಗೊತ್ತಾಗುತ್ತೆ. ಅಲ್ಲೇ ನನಗೆ ಅಳು ಬಂತು. ಈಗ ನನಗೋಸ್ಕರ, ಇವರಿಗೋಸ್ಕರ ಅವನನ್ನ ಹೇಗೋ ಎಳೆದು ಹತ್ತಿಸಿಬಿಟ್ರೆ, ಅಲ್ಲೀವರೆಗೆ ಬರೆದಿದ್ದೆಲ್ಲ ಸುಳ್ಳಾಗುತ್ತೆ. ಅವನು ಅಲ್ಲೇ ಉಳೀಬೇಕು ಮೇಡಂ."

"ಏನೋ ಹೇಳ್ತಿದೀಯಾ ನೀನು?" ಎಂದು ಅತ್ತೆ ಕೊಡೆಯಿಂದ ಅವರ ಕಾಲಿಗೆ ತಿವಿದರು.

"ಕಥೆ ಬಗ್ಗೆ ಅಮ್ಮಾ."

"ಮತ್ತೆ ಗುಡ್ಡಕ್ಕೆ ಯಾರು ಹೋಗ್ಬೇಕು?" ಎಂದರು ಮೇಡಂ.

ನಮ್ಮವರು ಮೊಣಕಾಲು ಮುಟ್ಟಿ ನೋಡಿಕೊಂಡರು. "ಅದು ಬೇರೆ ವಿಷಯ ಮೇಡಂ. ನನ್ನ ಮೊಣಕಾಲು ನಿಜವಾಗ್ಲೂ ನೋಯುತ್ತೆ. ಆದ್ರೂ ನೀವು ಅಲ್ಲೂ ಇದೇ ಲೆಕ್ಕ ಹಾಕಿ ನನ್ನನ್ನೇ ಕಳಿಸೋದಾದ್ರೆ ಕಳಿಸಿ. ಕಥೇಲಿ ಅವನು ಮಾತ್ರ ಉಳೀಲಿ."

ಮೇಡಂ ಚೀಲದಿಂದ ಕಾಗದ ಹೊರಗೆ ತೆಗೆದು, ಕಿವಿಯ ಪೆನ್ಸಿಲ್ ಕೈಗೆ ತಗೊಂಡು, "ಸರಿ. ಉಳೀತಾನೆ" ಎಂದು ಗುರುತು ಹಾಕಿಕೊಂಡರು.

ಅತ್ತೆ ಸುಮ್ಮನಿರಲಿಲ್ಲ. "ಉಳೀತಾನೆ ಅಂತ ನೀವಿಬ್ರೂ ಸೇರಿ ಹೇಳ್ಬಿಟ್ರಿ. ಅವನ ತಾಯಿಗೆ ಯಾರು ಹೇಳೋದು?"

"ಅವನಿಗೆ ತಾಯಿ ಇದಾರೆ ಅಂತ ನಾನು ಬರೆದಿಲ್ಲಮ್ಮ."

"ನೀನು ಬರೀದಿದ್ರೆ ಇರಲ್ವಾ?"

ಮೇಡಂ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. ಆಮೇಲೆ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು, ಹೊಸ ಹಾಳೆ ತೆಗೆದುಕೊಂಡರು.

"ಏನಂತ ಹೇಳ್ಬೇಕಮ್ಮಾ ಅವರಿಗೆ?"

"ಮೊದ್ಲು ಊಟ ಆಯ್ತಾ ಅಂತ ಕೇಳು. ಹಸಿದ ಹೊಟ್ಟೆಗೆ ಇಂಥದ್ದನ್ನ ಹೇಳ್ಬಾರ್ದು. ಆಮೇಲೆ ಪಕ್ಕ ಕೂತ್ಕೊಂಡು ಕೈ ಹಿಡ್ಕೋ. ಧೈರ್ಯಶಾಲಿ, ಹಾಗೆ ಹೀಗೆ ಅಂತೆಲ್ಲ ಹೊಗಳೋಕೆ ಹೋಗ್ಬೇಡ. ಅವಳಿಗೆ ಅದು ಬೇಡ. ಕೊನೆಗೆ ಏನು ತಿಂದ, ಚಳಿಗೆ ಏನು ಹೊದ್ಕೊಂಡಿದ್ದ, ಅದನ್ನ ಹೇಳು."

ಮೇಡಂ ಬರೆದುಕೊಳ್ಳುತ್ತಿದ್ದರು. ಮೀಟರಿನವರು ಮೂಗು ಒರೆಸಿಕೊಂಡರು.

"ಆಮೇಲೆ?"

"ಆಮೇಲೇನು. ಎಷ್ಟು ಹೇಳಿದ್ರೂ ತಾಯಿ ಒಪ್ಪಲ್ಲ. ಒಂದು ತಿಂಗಳು ಅವನಿರ್ಲಿ, ಇನ್ನೊಂದು ತಿಂಗಳು ಇನ್ನೊಬ್ರು ಇರ್ಲಿ ಅಂದ್ರೆ ಒಪ್ಪಬಹುದೋ ಏನೋ."

"ಅದಾಗಲ್ಲಮ್ಮ. ಅವರಿಗಿರೋದು ಒಂದೇ ನೌಕೆ. ಒಂದ್ಸಲ ಹೊರಟ್ರೆ ಮತ್ತೆ ಬರಲ್ಲ."

ಕಥೆಯ ಮಟ್ಟಿಗೆ ಅದು ಸರಿಯೇ. ಆದರೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಅವರಿಗೆ ಒಂದೇ ನೌಕೆ ಮೇಡಂ. ಗುಡ್ಡಕ್ಕೆ ದಿನಾ ಬಸ್ಸಿದೆಯಲ್ಲ."

ನಾಲ್ಕು ಜನ ಸರಕಾರಿ ನೌಕರರು, ಅವರ ಮೇಲೊಬ್ಬ ಅಧಿಕಾರಿ, ಎಲ್ಲರೂ ಕಿಟಕಿಯಾಚೆ ನೋಡಿದರು. ಗುಡ್ಡಕ್ಕೆ ಹೋಗುವ ಬಸ್ಸು ನಿಲ್ದಾಣದಲ್ಲಿ ಖಾಲಿಯಾಗಿ ನಿಂತಿತ್ತು, ಡ್ರೈವರ್ ಮುಂದಿನ ಗಾಜು ಒರೆಸುತ್ತಿದ್ದ. ದಿನಾ ಕಾಣುತ್ತಿದ್ದ ಬಸ್ಸೇ. ಯಾರಿಗೂ ಹೊಳೆದಿರಲಿಲ್ಲ.

ಮೇಡಂ ಆದೇಶದ ಕಾಗದ ತೆಗೆದು, "ಒಬ್ಬರು ಎರಡು ವರ್ಷ ಇರತಕ್ಕದ್ದು" ಎಂಬುದರ ಕೆಳಗೆ, ಸರದಿಯ ಮೇಲೆ ತಿಂಗಳಿಗೊಬ್ಬರು ಇರುವುದೆಂದು ಬರೆದರು. ಹೆಸರುಗಳು ಐದು. ಮೊದಲ ಹೆಸರು ಅವರದೇ. ಟೈಪಿಸ್ಟಮ್ಮ ಅದನ್ನು ಟೈಪ್ ಮಾಡಲು ಓಡಿದರು. ಯಾರಾದರೂ ಮನಸ್ಸು ಬದಲಿಸುವ ಮುಂಚೆ ಆಗಬೇಕಲ್ಲ. ನಕ್ಷೆಯವರು ಮೇಡಂ ಡಬ್ಬಿಯನ್ನು ಎತ್ತಿಕೊಂಡು ಹೋಗಿ, ಏನೂ ಹೇಳದೆ, ಹೊರಗಿನ ಬೆಂಚಿನ ಮೇಲೆ ಐದನೆಯದಾಗಿ ಇಟ್ಟರು.

ಈಗ ಮೇಡಂ ಗುಡ್ಡದ ಮೇಲಿದ್ದಾರೆ. ಮುಂದಿನ ಸರದಿ ನಮ್ಮವರದು. ಕಂಬಳಿ ಎಲ್ಲಿದೆ, ಟಾರ್ಚ್ ಎಲ್ಲಿದೆ ಎಂದು ಹದಿನೈದು ದಿನದಿಂದ ಮನೆಯೆಲ್ಲ ಕಿತ್ತು ಹಾಕಿದ್ದಾರೆ. ಮೊಣಕಾಲಿಗೆ ಎಣ್ಣೆ ಹಚ್ಚಿ ಕೊಟ್ಟಿದ್ದೇನೆ.

ನಿನ್ನೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊನೆಯ ಅಧ್ಯಾಯ ಬಂತು. ಅವರೆಕಾಳು ಸುಲಿಯುವುದನ್ನು ಬದಿಗಿಟ್ಟು ಎಲ್ಲರಿಗೂ ಜೋರಾಗಿ ಓದಿದೆ. ನೌಕೆ ಹೊರಡುತ್ತದೆ. ಸಾಮಾನಿನವನು ಉಳಿಯುತ್ತಾನೆ. ಮೂವರೂ ಭೂಮಿಗೆ ಬಂದು, ನೇರವಾಗಿ ಒಂದು ಸಣ್ಣ ಮನೆಯ ಬಾಗಿಲು ತಟ್ಟುತ್ತಾರೆ. ಮುದುಕಿಯೊಬ್ಬಳು ಬಾಗಿಲು ತೆಗೆಯುತ್ತಾಳೆ. ನಾಯಕಿ ಮೊದಲು, ಊಟ ಆಯಿತೇ ಎಂದು ಕೇಳುತ್ತಾಳೆ. ಆ ಸಾಲಿಗೆ ಬಂದಾಗ ಕಾಗದವನ್ನು ಮಗಳ ಕೈಗೆ ಕೊಟ್ಟುಬಿಟ್ಟೆ. ಮಿಕ್ಕದ್ದನ್ನು ಮಗಳು ಓದಿದಳು. ನಮ್ಮವರು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದರು.

ಅತ್ತೆ ಕಾಳು ಸುಲಿಯುತ್ತಲೇ ಇದ್ದರು.

ಸಂಜೆ ಗಾಳಿ ತಗ್ಗಿದ ಮೇಲೆ ಮೇಡಂ ಫೋನ್ ಮಾಡಿದರು. ನಮ್ಮವರು ಹೇಳುವುದು ಹೇಳಿಯಾಯಿತು, ನಾನೂ ಹೇಳಿದೆ. "ಅಮ್ಮನ ಅಭಿಪ್ರಾಯ ಬೇಕು," ಎಂದರು ಮೇಡಂ. "ಅವರು ಏನಂದ್ರು?"

ಫೋನ್ ಅತ್ತೆಯ ಕಡೆ ಚಾಚಿದೆ. ಅವರು ಮುಟ್ಟಲಿಲ್ಲ.

"ಚೆನ್ನಾಗಿ ಬರ್ದಿದಾಳೆ ಅಂತ ಹೇಳು," ಎಂದರು. "ಆ ತಾಯೀನ ಮೊದ್ಲು ಊಟ ಆಯ್ತಾ ಅಂತ ಕೇಳಿದ್ದು ಬಹಳ ಒಳ್ಳೇದಾಯ್ತು ಅಂತ ಹೇಳು. ಆದ್ರೆ ಆ ಹುಡುಗನನ್ನ ಕೆಳಗೆ ಕರ್ಕೊಂಡು ಬರೋವರೆಗೂ ನಾನು ಅವಳ ಹತ್ರ ಮಾತಾಡಲ್ಲ. ಅದನ್ನೂ ಹೇಳು."